ನಿಂಬೆಹಣ್ಣಿನ ಚೂರಿ

ಚೂರಿಯನ್ನು ಈಗಲೇ ಎತ್ತಲೇ, ಇನ್ನೊಂದು ಗಳಿಗೆ ಕಾಯಲೇ? ಬಸ್ಸು ಬಂದರೆ ಹತ್ತಲೇಬೇಕು. ಹತ್ತಿದರೆ ಗಡಿ ದಾಟುತ್ತದೆ. ಕೊಳ್ಳೇಗಾಲ ಮದರಾಸು ಸರ್ಕಾರದ್ದು, ಯಳಂದೂರು ಮೈಸೂರಿನದು. ಅಲ್ಲಿ ಚೂರಿ ಹಿಡಿದವನನ್ನು ಯಾರೂ ಹಿಡಿಯುವುದಿಲ್ಲ. ಆಮೇಲೆ ಈ ಮದುವೆಯನ್ನು ತಪ್ಪಿಸಲು ಯಾವ ಕಾನೂನೂ ಉಳಿಯುವುದಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹೊನ್ನಯ್ಯ ಅರಿಶಿನದ ಪಂಚೆ ಉಟ್ಟು, ಚೂರಿಯನ್ನು ಅಂಗವಸ್ತ್ರದೊಳಗೆ ಮುಚ್ಚಿಕೊಂಡು ಕೂತಿದ್ದ. ಚೂರಿಯ ತುದಿಗೆ ಒಂದು ನಿಂಬೆಹಣ್ಣು. ನಿನ್ನೆ ಅರಿಶಿನ ಹಚ್ಚಿದ ಮೇಲೆ, ಅವನನ್ನು ಸಾಕಿದ ಅತ್ತೆ ಮಹದೇವಮ್ಮ ಅದನ್ನು ಅವನ ಕೈಗೆ ಕೊಟ್ಟು, ತಾಳಿ ಕಟ್ಟುವವರೆಗೆ ಜೊತೆಯಲ್ಲೇ ಇರಬೇಕೆಂದಿದ್ದಳು. ಅವರ ಮನೆತನದಲ್ಲಿ ಆ ಚೂರಿಗೂ ಮದುಮಗನಷ್ಟೇ ಮರ್ಯಾದೆ.

ರೇಷ್ಮೆ ಮಗ್ಗದಲ್ಲಿ ಹೊನ್ನಯ್ಯನ ಅಂಚಿನ ಕೆಲಸಕ್ಕೆ ಹೆಸರಿತ್ತು. ಆ ಹೆಸರು ಕೇಳಿಯೇ ಯಳಂದೂರಿನವರು ಮಗಳು ಚೌಡೇಶ್ವರಿಯನ್ನು ಕೊಡಲು ಒಪ್ಪಿದ್ದು. ಆದರೆ ಒಂದು ವರ್ಷದಿಂದ ಅವನ ಕಣ್ಣಿಗೆ ಮಂಜು ಕವಿಯುತ್ತಿತ್ತು. ಕಡಿದ ಎಳೆಯನ್ನು ಬೆರಳಿನಿಂದ ತಡವಿ ಹುಡುಕುತ್ತಿದ್ದ. ಮೈಸೂರಿನ ಡಾಕ್ಟರು ಇದು ಹೆಚ್ಚುವುದೇ ಹೊರತು ಇಳಿಯುವುದಲ್ಲ ಎಂದಿದ್ದರು. ಅದನ್ನು ಬಲ್ಲವನು ಅತ್ತೆಯ ಗಂಡ, ಮಾವ ರಾಮಲಿಂಗಯ್ಯ ಒಬ್ಬನೇ. ಹೆಣ್ಣಿನವರಿಗೆ ತಿಳಿಸೋಣವೆಂದು ಹೊನ್ನಯ್ಯ ಬಾಯಿ ತೆರೆದಾಗಲೆಲ್ಲ ಮಾವ, “ಮದ್ವೆ ಆಗ್ಲಿ, ಆಮೇಲೆ ಏಳಾನ” ಎನ್ನುತ್ತಿದ್ದ. ಅಷ್ಟಕ್ಕೆ ಹೊನ್ನಯ್ಯನ ಬಾಯಿ ಮುಚ್ಚಿಹೋಗುತ್ತಿತ್ತು.

ಆ ಬೆಳಿಗ್ಗೆ ತಮಟೆಯವನು ಸಾರಿಕೊಂಡು ಹೋದ: ಹೋದ ಸಂತೆಯಲ್ಲಿ ನಡೆದ ಹೊಡೆದಾಟದ ದೆಸೆಯಿಂದ, ಇನ್ನು ಮೇಲೆ ಆರಿಂಚಿಗಿಂತ ಉದ್ದದ ಚೂರಿಯನ್ನು ಬೀದಿಯಲ್ಲಿ ಹಿಡಿದು ತಿರುಗುವಂತಿಲ್ಲ. ತಾನು ಬಾಯಿಬಿಟ್ಟು ತಪ್ಪಿಸಲಾರದ ಮದುವೆಯನ್ನು ಸರ್ಕಾರವಾದರೂ ತನ್ನನ್ನು ಹಿಡಿದು ತಪ್ಪಿಸೀತು ಎಂದು ಹೊನ್ನಯ್ಯನಿಗೆ ಅನ್ನಿಸಿತು.

ಕಾಫಿ ಹೋಟೆಲಿನ ಗೋಡೆಗೆ ಅಂಟಿಸಿದ್ದ ನೋಟೀಸಿನ ಕೆಳಗೆ ವಾದ ಕಾವೇರಿತ್ತು. ಅರ್ಜಿ ಬರೆಯುವ ನಂಜುಂಡಯ್ಯ ಕಾನೂನಿನ ಕಡೆ. ಚೂರಿ ಇಲ್ಲದಿದ್ದರೆ ಜಗಳ ಬಾಯಲ್ಲೇ ಮುಗಿಯುತ್ತದೆ ಎಂಬುದು ಅವನ ವಾದ. ಸತ್ತೇಗಾಲದ ನಿಂಗಯ್ಯ ತನ್ನ ಮಚ್ಚನ್ನು ಗೋಣಿಯಲ್ಲಿ ಸುತ್ತಿ ಅದರ ಮೇಲೇ ಕೂತಿದ್ದ.

“ತೆಂಗಿನಕಾಯ್ನೂ ಬಾಯಲ್ಲೇ ಸುಲಿಯಾನಾ ಸಾ?” ಎಂದು ಕೇಳಿದ.

“ತೋಟದಲ್ಲಿ ಸುಲ್ಕಳಯ್ಯ. ಬೀದೀಲಿ ಬೇಡ ಅಂದವ್ರೆ.”

“ತ್ವಾಟಕ್ಕೆ ಬೀದಿ ಮ್ಯಾಲೇ ಅಲ್ವಾ ಓಗದು? ಮಚ್ಚು ಅದ್ರ ಪಾಡಿಗೆ ನಡ್ಕಂಡು ಓದದಾ?”

ಜನ ನಕ್ಕರು. ಆರಿಂಚು ಎಂದರೆ ಹಿಡಿಯೂ ಸೇರಿಯೋ ಎಂದು ಇನ್ನೊಬ್ಬ ಕೇಳಿದ. ನಂಜುಂಡಯ್ಯ ನೋಟೀಸನ್ನು ಎರಡನೆಯ ಸಲ ಓದಿದ. ಅದರಲ್ಲಿ ಹಿಡಿಯ ಮಾತೇ ಇರಲಿಲ್ಲ.

ಹೊನ್ನಯ್ಯ ಎದ್ದ. ಪೊಲೀಸು ಚಿಕ್ಕಸಿದ್ದಯ್ಯನ ಮುಂದೆ ನಿಂತು, ದೀಪ ಬೆಳಗುವವನಂತೆ ಚೂರಿಯನ್ನು ಮೇಲೆತ್ತಿದ. ಚಿಕ್ಕಸಿದ್ದಯ್ಯ ಮುಖ ತಿರುಗಿಸಿ ಕಾಗೆಗಳನ್ನು ನೋಡತೊಡಗಿದ. ಹೊನ್ನಯ್ಯ ಸುತ್ತು ಹಾಕಿ ಕಾಗೆಗಳಿದ್ದ ಕಡೆಗೇ ಬಂದು ನಿಂತ.

“ಮುಚ್ಕಳಪ್ಪ ಮದ್ಲಿಂಗ. ನಾನು ಕಂಡಿಲ್ಲ.”

“ಕಂಡಿದ್ದೀರಿ ಸಾ,” ಎಂದ ಹೊನ್ನಯ್ಯ.

ಚಿಕ್ಕಸಿದ್ದಯ್ಯ ತಾನೇ ಅಂಗವಸ್ತ್ರ ಎಳೆದು ಮುಚ್ಚಲು ಹೋದ. ಹೊನ್ನಯ್ಯ ಕೈ ಕೊಸರಿದ. ನಿಂಬೆಹಣ್ಣು ತಗುಲಿ ಪೊಲೀಸಿನವನ ಕೆಂಪು ಪೇಟ ಹಾರಿ, ಹೋಟೆಲಿನವನು ಲೋಟ ತೊಳೆಯುವ ಬಾನಿಗೆ ಬಿತ್ತು. ಇಡೀ ಬಸ್‌ಸ್ಟ್ಯಾಂಡು ನಕ್ಕಿತು. ಅಷ್ಟು ಜನ ನಕ್ಕ ಮೇಲೆ ಚಿಕ್ಕಸಿದ್ದಯ್ಯನೂ ಕಾಣದೆ ಇರುವಂತಿರಲಿಲ್ಲ.

ಠಾಣೆಯಲ್ಲಿ, ಹಿಂದೆಯೇ ಓಡಿಬಂದ ಮಾವ, ಅತ್ತೆಯ ಎದುರಿಗೆ, ಇನ್‌ಸ್ಪೆಕ್ಟರು ನಿಂಬೆಹಣ್ಣನ್ನು ತೆಗೆದು ಪಕ್ಕಕ್ಕಿಟ್ಟು, ಅಲಗಿಗೆ ಮರದ ಅಳತೆಪಟ್ಟಿ ಹಿಡಿದರು. ಹೊನ್ನಯ್ಯ ಪಟ್ಟಿಯ ಕಡೆಗೆ ಬಾಗಿದ. ಅವನ ಕಣ್ಣಿಗೆ ಅದು ಗೇಣುದ್ದ ಕಂಡಿತ್ತು.

“ಐದೂಮುಕ್ಕಾಲು,” ಎಂದರು ಇನ್‌ಸ್ಪೆಕ್ಟರು. “ಚೂರಿದೇನೂ ತಪ್ಪಿಲ್ಲ, ತಗೊಂಡು ಹೋಗಿ. ಪೇಟ ಬೀಳಿಸಿದವನು ಸಾಯಂಕಾಲದವರೆಗೆ ಇಲ್ಲೇ ಕೂತಿರಲಿ.”

ಹನ್ನೆರಡಕ್ಕೆ ಮುಹೂರ್ತವೆಂದು ರಾಮಲಿಂಗಯ್ಯ ಕೈಮುಗಿದ. ಹೊರಗೆ ಚಿಕ್ಕಸಿದ್ದಯ್ಯ ಪೇಟ ಹಿಂಡುವ ಸದ್ದು ಕೇಳುತ್ತಿತ್ತು. ಇನ್‌ಸ್ಪೆಕ್ಟರು ಆ ಕಡೆ ಕೈ ತೋರಿಸಿದರು. ಮಹದೇವಮ್ಮ ಚೂರಿಯನ್ನು ಸ್ವಲ್ಪ ಹೊತ್ತು ನೋಡಿದಳು. ನಿಂಬೆಹಣ್ಣನ್ನು ಮತ್ತೆ ಚುಚ್ಚಿದಳು. ಹೆಣ್ಣಿನವರಿಗೆ ಸಂಗತಿ ಮುಟ್ಟಿಸಬೇಕಲ್ಲ ಎಂದು ಗಂಡನನ್ನು ಎಬ್ಬಿಸಿಕೊಂಡು ಬಸ್ಸಿಗೆ ಹೊರಟಳು.

ಹೊನ್ನಯ್ಯ ತಲೆ ತಗ್ಗಿಸಿದ, ಮುಖದ ಮೇಲಿನ ನೆಮ್ಮದಿ ಯಾರಿಗೂ ಕಾಣದಿರಲೆಂದು. ಹೆಣ್ಣಿನವರು ಬಯ್ಯುತ್ತಾರೆ. ಎರಡು ದಿನ ಚೌಡೇಶ್ವರಿ ಅಳಬಹುದು. ಆಮೇಲೆ ಕಣ್ಣು ನೆಟ್ಟಗಿರುವ ಯಾರಾದರೂ ಸಿಕ್ಕುತ್ತಾರೆ. ಚಿಕ್ಕಸಿದ್ದಯ್ಯ ಕಾಫಿ ತಂದು ಕೊಟ್ಟು, ಬೇಜಾರು ಮಾಡಿಕೊಳ್ಳಬೇಡ, ಬೇರೆ ಲಗ್ನ ಬಂದೇ ಬರುತ್ತದೆ ಎಂದು ಸಮಾಧಾನ ಹೇಳಿದ. ಹೊನ್ನಯ್ಯ ಗೋಡೆಗೆ ಒರಗಿ, ಎಷ್ಟೋ ತಿಂಗಳ ಮೇಲೆ, ಕನಸಿಲ್ಲದ ನಿದ್ದೆ ಮಾಡಿದ.

ಎಚ್ಚರವಾದಾಗ ಸಂಜೆಯ ಬಿಸಿಲು ಒಳಗೆ ಬಂದಿತ್ತು. ಬಾಗಿಲಲ್ಲಿ ಮಾವ, ಅತ್ತೆ, ಹಿಂದೆ ಬಸ್ಸಿಳಿದ ಒಂದಷ್ಟು ಜನ. ನಡುವೆ ಅರಿಶಿನ ಬಣ್ಣದ ಒಂದು ಮಸುಕು.

“ಗಂಡು ಬರ್ನಿಲ್ಲ ಅಂತ ಲಗ್ನ ನಿಲ್ತದಾ?” ಎಂದಳು ಮಹದೇವಮ್ಮ. “ನಮ್ಮಜ್ಜೀಗೂ ಇದೇ ಚೂರಿ ಕೂಟೆ ಧಾರೆ ಆಗಿದ್ದು. ತಾತ ಸಿಡುಬಾಗಿ ಮಲಗಿದ್ರಂತೆ. ಚೂರಿ ಮಣೆ ಮ್ಯಾಲೆ ಕುಂಡ್ರಿಸಿ, ಅದಕ್ಕೆ ತಾಳಿ ಮುಟ್ಸಿ, ನಾನೇ ಕಟ್ಟುದೆ. ಏಳು, ನಿನ್ ಎಡ್ತಿ ಕರ್ಕಂಡು ನಡಿ.”

ಇನ್‌ಸ್ಪೆಕ್ಟರು ಎದ್ದು ನಿಂತು ಶುಭ ಕೋರಿದರು. ಚಿಕ್ಕಸಿದ್ದಯ್ಯ ಒಣಗಿದ ಪೇಟವನ್ನು ತಲೆಗೆ ಇಟ್ಟುಕೊಂಡ. ಬಾಗಿಲಿಂದ ಇಣುಕಿದ ನಂಜುಂಡಯ್ಯ, ಕಾನೂನು ಯಾರಿಗೂ ಅಡ್ಡ ಬರಲಿಲ್ಲ ನೋಡಿ, ಎಂದು ತನ್ನ ವಾದವನ್ನು ಗೆದ್ದುಕೊಂಡ.

ಅರಿಶಿನದ ಮಸುಕು ಹತ್ತಿರ ಬಂತು. ಸೆರಗಿನ ಗಂಟು ಬಿಚ್ಚಿ ಚೂರಿಯನ್ನು ಅವನ ಕೈಗೆ ಕೊಟ್ಟಿತು. ಮುಖ ಯಾವುದು, ಕಣ್ಣು ಎಲ್ಲಿವೆ ಎಂದು ತಿಳಿಯಲು ಹೊನ್ನಯ್ಯ ಬಾಗಿ, ರೆಪ್ಪೆ ಕಿರಿದು ಮಾಡಿ, ಬಹಳ ಹೊತ್ತು ನೋಡಿದ. ಹಿಂದೆ ಯಾರೋ ಹೆಂಗಸರು ಕಿಸಕ್ಕೆಂದರು.

“ಮಾವ್ನೋರು ಏಳುದ್ರು, ನೀವು ಮಾತಾಡದಿಲ್ಲ, ಬರೀ ನೋಡ್ತೀರಿ ಅಂತ,” ಎಂದಳು ಚೌಡೇಶ್ವರಿ ಮೆಲ್ಲಗೆ. ದನಿಯಲ್ಲಿ ನಾಚಿಕೆಯಿತ್ತು, ಸಂತೋಷವೂ ಇತ್ತು. “ಅಂಗ್ ನೋಡ್ಬೇಡಿ. ಎಲ್ಲಾರೂ ಅವ್ರೆ.”

ನಿನ್ನ ಮುಖ ನನಗೆ ಕಾಣುತ್ತಿಲ್ಲ ಎಂದು ಹೊನ್ನಯ್ಯ ಹೇಳಲಿಲ್ಲ.