ಬ್ಯಾಕ್ಟೀರಿಯಾಗಳ ಬೆಲ್ಲ

ಸಕ್ಕರೆ ಕಾಯಿಲೆಯವನು ತಾನು ಸಿಹಿ ಬಿಟ್ಟೆ ಎಂದು ಹೇಳಿದರೆ ಅವನ ಜೇಬನ್ನೊಮ್ಮೆ ತಡವಿ ನೋಡಬೇಕು. ಹೀಗೆ ಹೇಳುವ ಅಧಿಕಾರ ನನಗಿದೆ, ಏಕೆಂದರೆ ನಾನೂ ಬಿಟ್ಟವನೇ. ವಿಮಾ ಕಚೇರಿಯಲ್ಲಿದ್ದಷ್ಟು ಕಾಲ ಬೇರೆಯವರ ಸುಳ್ಳು ಹಿಡಿಯುವುದೇ ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೆ ಸ್ವಂತದ್ದಕ್ಕೆ ಪುರುಸೊತ್ತು ಸಿಕ್ಕಿತು. ಹೆಂಡತಿ ಸರೋಜ ಮನೆಯಲ್ಲಿ ಸಿಹಿ ಬಂದ್ ಮಾಡಿದ ಮೇಲೆ ನಾನು ಸನ್ಯಾಸಿಯೇ. ಆದರೆ ಸನ್ಯಾಸಿಗೂ ಭಿಕ್ಷೆ ಸಿಗುವ ಮನೆ ಒಂದಿರುತ್ತದಲ್ಲ! ನನಗದು ಸಿಕ್ಕಿದ್ದು ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕೊಳಚೆ ನೀರು ಶುದ್ಧ ಮಾಡುವ ಘಟಕದ ಪಕ್ಕದಲ್ಲಿ.

ರಾಮಮೂರ್ತಿ ನಗರದ ನಮ್ಮ ಕಟ್ಟಡದಲ್ಲಿ ಅದನ್ನು ಎಲ್ಲರೂ ಎಸ್‌ಟಿಪಿ ಅನ್ನುತ್ತಾರೆ. ಮನೆಮನೆಯ ಕೊಳೆನೀರು ಅಲ್ಲಿಗಿಳಿದು, ಗಾಳಿಯೂದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದರ ಕೊಳೆ ತಿಂದು, ಕೊನೆಗೆ ತಿಳಿಯಾದ ನೀರು ಗಿಡಗಳಿಗೆ ಹೋಗುತ್ತದೆ. ಅಸೋಸಿಯೇಷನ್ ಸಭೆಯಲ್ಲಿ ಅಧ್ಯಕ್ಷರು "ಉಸ್ತುವಾರಿ ಯಾರು ನೋಡ್ಕೋತೀರಾ?" ಅಂದಾಗ ಎಲ್ಲರೂ ತಲೆ ತಗ್ಗಿಸಿ ಮೊಬೈಲ್ ನೋಡಿದರು. ನನ್ನದನ್ನು ಚಾರ್ಜಿಗೆ ಹಾಕಿ ಬಂದಿದ್ದೆ, ಸಿಕ್ಕಿಬಿದ್ದೆ. ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಬೈಯಪ್ಪನಹಳ್ಳಿಯಿಂದ ಬರುವ ಆಪರೇಟರ್ ಮುನಿರಾಜು, ಐವತ್ತು ದಾಟಿದ ಮನುಷ್ಯ, ದಿನಾ ಬೆಳಿಗ್ಗೆ ಉದ್ದನೆಯ ಗಾಜಿನ ಜಾಡಿಯಲ್ಲಿ ಒಂದು ಲೀಟರ್ ತೊಟ್ಟಿ ನೀರು ಹಿಡಿದಿಡುತ್ತಾರೆ. ಅರ್ಧ ಗಂಟೆ ಅಲ್ಲಾಡಿಸದೆ ಬಿಟ್ಟರೆ ಕಂದು ಗಸಿ ತಳಕ್ಕಿಳಿಯುತ್ತದೆ. ಜಾಡಿಯ ಮೂರರಲ್ಲೊಂದು ಭಾಗ ಗಸಿ ಇದ್ದರೆ ಬ್ಯಾಕ್ಟೀರಿಯಾಗಳು ಸುಖವಾಗಿವೆ ಅಂತ ಅರ್ಥ. ಅಜ್ಜಿ ಮೊಮ್ಮಗುವಿನ ಹೊಟ್ಟೆ ನೋಡುವ ಹಾಗೆ ಮುನಿರಾಜು ಆ ಗಸಿ ನೋಡುತ್ತಾರೆ.

ಬೇಸಿಗೆ ರಜೆಗೆ ಅರ್ಧದಷ್ಟು ಮನೆಗಳು ಖಾಲಿಯಾದವು. ಕೆಳಗಿಳಿಯುವ ಮಾಲೇ ಕಡಿಮೆಯಾಗಿ ಬ್ಯಾಕ್ಟೀರಿಯಾಗಳಿಗೆ ಉಪವಾಸ. ಜಾಡಿಯ ಗಸಿ ದಿನೇ ದಿನೇ ಕುಗ್ಗಿತು. ಅಸೋಸಿಯೇಷನ್ನಿನ ಅಧ್ಯಕ್ಷರು ಬಂದು, "ತಿಂಗಳ ಕೊನೇಲಿ ಲ್ಯಾಬ್‌ನವ್ರು ಸ್ಯಾಂಪಲ್ ತಗೋತಾರೆ. ಫೇಲ್ ಆದ್ರೆ ಮುನಿರಾಜುನ ಬಿಡಿಸಿ ಯಾವುದಾದ್ರೂ ಕಂಪನಿಗೆ ಕೊಟ್ಬಿಡೋಣ" ಎಂದುಬಿಟ್ಟರು. ಮುನಿರಾಜು ಮುಖ ಬಾಡಿತು. "ಹಸಿದಿದಾವೆ ಅಷ್ಟೇ ಸಾರ್. ದಿನಾ ಎರಡಚ್ಚು ಬೆಲ್ಲ ಕರಗಿಸಿ ಹಾಕಿದ್ರೆ ಎದ್ಕೋತವೆ" ಎಂದು ನನ್ನ ಕೈ ಹಿಡಿದರು.

ಬೆಲ್ಲ! ನನ್ನ ಕಿವಿ ನಿಮಿರಿತು. ನಾನೇ ಹಲಸೂರಿಗೆ ಹೋಗಿ, ನಾಲ್ಕು ಅಂಗಡಿಯಲ್ಲಿ ಚೂರು ಚೂರು ಬಾಯಿಗೆ ಹಾಕಿ ನೋಡಿ, ಕೊಳಚೆಗೆ ಯೋಗ್ಯವಾದ ಉತ್ತಮ ಬೆಲ್ಲ ತಂದೆ. ಕುಟ್ಟಿ ಕರಗಿಸುವ ಹೊಣೆಯನ್ನೂ ಹೊತ್ತೆ. ಮೊದಲ ದಿನ ಒಂದು ಚೂರು, ಆಮೇಲೆ ಒಂದು ಹಿಡಿ. ಕೋಟ್ಯಂತರ ಜನ ಕೂತ ಪಂಕ್ತಿಯಲ್ಲಿ ಒಬ್ಬ ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ವಾಸನೆ ಬರಲಿಲ್ಲವೇ ಎಂದು ಕೇಳಬೇಡಿ. ಬಾಯಲ್ಲಿ ಬೆಲ್ಲವಿದ್ದಾಗ ಮೂಗು ತಕರಾರು ಮಾಡುವುದಿಲ್ಲ.

ವಾರವಾದರೂ ಗಸಿ ಏಳಲಿಲ್ಲ. ಮುನಿರಾಜು ಜಾಡಿಯನ್ನು ಬೆಳಕಿಗೆ ಹಿಡಿದು, "ನನ್ ಕೈಗುಣಾನೇ ಸರಿ ಇಲ್ವೇನೋ ಸಾರ್" ಎಂದರು. ಥೂ, ನನ್ನ ಜನ್ಮಕ್ಕಿಷ್ಟು! ಇನ್ನು ಬೆಲ್ಲ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿದೆ. ಮರುದಿನ ಮುಟ್ಟಿದೆ, ಆದರೆ ಸ್ವಲ್ಪವೇ ಮುಟ್ಟಿದೆ. ಅಷ್ಟಕ್ಕೇ ಗಸಿ ಏರತೊಡಗಿತು! ನನ್ನ ಸಂಯಮದ ಶಕ್ತಿ ಕಂಡು ನನಗೇ ಬೆರಗಾಯಿತು. ತಿಂಗಳ ಕೊನೆಯಲ್ಲಿ ಸ್ಯಾಂಪಲ್ ಪಾಸಾಗಿಯೇಬಿಟ್ಟಿತು.

ಸಭೆಯಲ್ಲಿ ಅಧ್ಯಕ್ಷರು "ಇನ್ಮೇಲೆ ಮುನಿರಾಜುನೇ ಪರ್ಮನೆಂಟು" ಎಂದಾಗ ಚಪ್ಪಾಳೆಯೋ ಚಪ್ಪಾಳೆ. ಮುನಿರಾಜು ಪಂಚೆಯಂಚಿನಲ್ಲಿ ಕಣ್ಣೊರೆಸಿಕೊಂಡರು. ಅವರು ದಿನಾ ಗಸಿ, ಬೆಲ್ಲದ ಲೆಕ್ಕ ಬರೆದಿಟ್ಟ ಪುಸ್ತಕವನ್ನು ಎಲ್ಲರಿಗೂ ಓದಿ ಹೇಳಿ ಎಂದು ಅಧ್ಯಕ್ಷರು ನನ್ನ ಕೈಗೇ ಕೊಟ್ಟರು. ನಾನು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದೆ: "ಬೆಲ್ಲ ಎರಡಚ್ಚು. ಸಾರ್ ತಿಂದಿದ್ದು ಅರ್ಧ. ಮೇಡಂ ಕಳಿಸಿದ್ದು ಅರ್ಧ."

ಓದಿದ ಮೇಲೆ ಅರ್ಥವಾಯಿತು. ಸಭೆ ಬಿದ್ದು ಬಿದ್ದು ನಕ್ಕಿತು. "ಸಾರ್ ಮೀಸೇಲಿ ಬೆಲ್ಲ ಇತ್ತು. ಮೇಡಂಗೆ ಹೇಳ್ದೆ. ಬರೀದೆ ಇದ್ರೆ ಲೆಕ್ಕ ಸುಳ್ಳಾಗುತ್ತಲ್ವಾ ಸಾರ್?" ಎಂದರು ಮುನಿರಾಜು, ತಪ್ಪೇನಾಯಿತೆಂದು ತಿಳಿಯದೆ. ಎರಡನೇ ಸಾಲಿನಿಂದ ಸರೋಜ, "ರೀ, ನಿಮ್ ಕೈಗೆ ಬೆಲ್ಲ ಕೊಟ್ರೆ ಅವು ಉಪವಾಸ ಬೀಳ್ತವೆ ಅಂತ ಗೊತ್ತಾಗಲ್ವಾ ನಂಗೆ?" ಎಂದಳು. ನಗದೆ ಇನ್ನೇನು ಮಾಡಲಿ, ನಾನೂ ನಕ್ಕೆ.

ಉಸ್ತುವಾರಿ ಈಗಲೂ ನನ್ನದೇ. ದಿನಾ ಬೆಳಿಗ್ಗೆ ನಾನು ಜಾಡಿ ನೋಡುತ್ತೇನೆ, ಮುನಿರಾಜು ನನ್ನ ಮೀಸೆ ನೋಡುತ್ತಾರೆ.