ಧರ್ಮೇಂದ್ರನ ಸೈಕಲ್ ಬಳಗ

ಧರ್ಮೇಂದ್ರನಿಗೆ ಬೇಕಾಗಿದ್ದುದು ದಾರಿಗೊಂದು ಜೊತೆ, ಅಷ್ಟೇ. ಹ್ಯಾಂಡ್‌ಪೋಸ್ಟಿನ ಮನೆಯಿಂದ ಹೆಗ್ಗಡದೇವನಕೋಟೆಯ ಸರ್ಕಾರಿ ಕಚೇರಿಗೆ ದಿನವೂ ಸೈಕಲ್ ತುಳಿಯುವ ಗುಮಾಸ್ತ ಅವನೊಬ್ಬನೇ. ಅದು ೨೦೦೮ನೇ ಇಸವಿ, ಕಚೇರಿಯ ಜವಾನನೂ ಕಂತಿನ ಬೈಕು ಕೊಂಡಾಗಿತ್ತು. ಬೈಕಿನವರು ಪಕ್ಕಕ್ಕೆ ಬಂದು, "ಯಾಕ್ ಸಾರ್, ಮನೇಲೇನಾರ ತೊಂದ್ರೆನಾ?" ಎಂದು ಕನಿಕರದಿಂದ ಕೇಳುತ್ತಿದ್ದರು. ಸೈಕಲ್ ಅಂದರೆ ಇಷ್ಟ ಎಂದರೆ ಯಾರೂ ನಂಬುತ್ತಿರಲಿಲ್ಲ. ಒಂಟಿಯಾಗಿ ತುಳಿದು ತುಳಿದು ಅವನಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಮೈಸೂರಿನ ಸೈಕಲ್ ಸವಾರರು ಇಂಟರ್‌ನೆಟ್ಟಿನಲ್ಲಿ ಪುಟ ಮಾಡಿಕೊಂಡು, ಅಲ್ಲೇ ಮಾತಾಡಿಕೊಂಡು, ಭಾನುವಾರ ಗುಂಪಾಗಿ ಹೊರಡುವುದನ್ನು ಅವನು ನಂಜುಂಡಸ್ವಾಮಿಯ ಸೈಬರ್ ಸೆಂಟರಿನಲ್ಲಿ ನೋಡಿದ. ಹೊಟ್ಟೆಕಿಚ್ಚಾಯಿತು. ಮೂರು ವಾರ ಅಲ್ಲೇ ಕೂತು ಹೆಗ್ಗಡದೇವನಕೋಟೆಗೂ ಅಂಥದೊಂದು ಪುಟ ಕಟ್ಟಿದ. ಇಲ್ಲಿನವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಹೆಸರು ತಾನೇ ಸೇರಿಸಿದರಾಯಿತು ಎಂದು ಸೆಂಟರಿನ ಬಾಗಿಲಿಗೆ ಚೀಟಿ ಅಂಟಿಸಿದ: "ಸೈಕಲ್ ಬಳಗ. ಭಾನುವಾರ ನೋಂದಣಿ. ಒಂದು ಫೋಟೋ ತನ್ನಿ. ಶುಲ್ಕವಿಲ್ಲ. ಧರ್ಮೇಂದ್ರ."

ಸರ್ಕಾರಿ ನೌಕರನ ಹೆಸರು, ನೋಂದಣಿ, ಫೋಟೋ ಮೂರೂ ಒಂದೇ ಕಾಗದದಲ್ಲಿದ್ದರೆ ನಮ್ಮ ಕಡೆ ಅದಕ್ಕಿರುವುದು ಒಂದೇ ಅರ್ಥ. ಸಾಲದ್ದಕ್ಕೆ ಅದು ಶಾಲಾ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚುತ್ತಿದ್ದ ಕಾಲ. ಭಾನುವಾರ ಬೆಳಗ್ಗೆ ಅವನು ಸೆಂಟರಿನ ಮುಂದೆ ಸೈಕಲ್ ನಿಲ್ಲಿಸಿ ಬೀಗ ಹಾಕುವಷ್ಟರಲ್ಲೇ ಜನರ ಸಾಲು ಬಸ್ ನಿಲ್ದಾಣ ಮುಟ್ಟಿತ್ತು. ಇಷ್ಟು ಜನ ಸವಾರರೇ ಎಂದು ಅವನ ಕಣ್ಣು ತುಂಬಿ ಬಂತು.

ಮೊದಲು ಬಂದವನು ಹಾಲು ಮಾರುವ ಚಲುವಯ್ಯ.

"ಯಾವ ಸೈಕಲ್ಲು?" ಧರ್ಮೇಂದ್ರ ಕೇಳಿದ.

"ಯಾವ್ದಾದ್ರೂ ಆಯ್ತದೆ ಸಾಮಿ. ಕ್ಯಾರಿಯರ್ ಗಟ್ಟಿ ಇದ್ರೆ ಸಾಕು."

"ಅಲ್ಲಪ್ಪ, ನಿನ್ ಹತ್ರ ಇರೋದು ಯಾವ್ದು?"

"ನನ್ ತಾವ ಎಲ್ಲೈತೆ ಸೈಕಲ್ಲು?" ಇಪ್ಪತ್ತು ವರ್ಷದಿಂದ ಸೈಕಲ್ಲಿಗೆ ಕ್ಯಾನು ನೇತುಹಾಕಿಕೊಂಡು ತಿರುಗುತ್ತಿದ್ದವನು ಮುಖ ಗಂಟಿಕ್ಕಿಕೊಂಡು ಹೇಳಿದ. ಪಂಚೆಯ ಅಂಚಿನಲ್ಲಿ ಚೈನಿನ ಮಸಿ ಹಾಗೇ ಇತ್ತು.

ಧರ್ಮೇಂದ್ರ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇದು ಸ್ಕೀಮಲ್ಲ. ಏನೂ ಕೊಡೋದಿಲ್ಲ. ಸೈಕಲ್ ಇರೋರು ಸೇರ್ಕೊಂಡು ಸುತ್ತಾಡೋಕೆ ಹೋಗೋ ಬಳಗ" ಎಂದ.

ಸಾಲಿನಲ್ಲಿದ್ದ ಸಣ್ಣಬೀರಯ್ಯ ಹಿಂದಿನವನಿಗೆ ವಿವರಿಸಿದ: "ಅವ್ರು ಅಂಗೇ ಅನ್ಬೇಕು ಕಣ್ಲಾ. ಇಲ್ದಿದ್ರೆ ಜನ ಜಾಸ್ತಿ ಆಯ್ತಾರೆ."

ಎಪ್ಪತ್ತು ದಾಟಿದ ಸಣ್ಣತಾಯಮ್ಮ ಮುಂದೆ ಬುಟ್ಟಿಯಿರುವ ಸೈಕಲ್ಲೇ ಬೇಕೆಂದು ಹಟ ಹಿಡಿದಳು.

"ತುಳಿಯೋಕೆ ಬತ್ತದಾ ಅವ್ವಾ?"

"ಮೊದ್ಲು ಕೊಡು. ಆಮೇಲೆ ಕಲ್ತ್ಕೋತೀನಿ."

ಎಲ್ಲರನ್ನೂ ವಾಪಸ್ ಕಳಿಸಿಬಿಡೋಣವೆಂದರೆ ನಂಜುಂಡಸ್ವಾಮಿ ಒಪ್ಪಲಿಲ್ಲ. "ಬಾಗಿಲ ಗಾಜು ಹೊಸ್ದು ಕಣ್ರೀ. ಸುಮ್ನೆ ಬರ್ಕೊಂಡ್ ಕಳ್ಸಿ" ಎಂದು ಪಕ್ಕದಲ್ಲೇ ಕಾವಲು ನಿಂತ. ಧರ್ಮೇಂದ್ರ ಊಟವನ್ನೂ ಮಾಡದೆ ಟೈಪು ಮಾಡಿದ. ಸಂಜೆಯ ಹೊತ್ತಿಗೆ ಬಳಗದಲ್ಲಿ ಇನ್ನೂರ ಹನ್ನೆರಡು ಮಂದಿ ಸದಸ್ಯರಿದ್ದರು. ಸೈಕಲ್ ಇದ್ದವನು ಧರ್ಮೇಂದ್ರ ಒಬ್ಬನೇ.

ಸೋತುಹೋಗಿ ಹೊರಗೆ ಬಂದರೆ ಆ ಸೈಕಲ್ಲೂ ಇರಲಿಲ್ಲ. ಬೇಕರಿ ಮುಂದೆ ಹೆಂಡತಿ ಸುಧಾ ನಿಂತಿದ್ದಳು.

"ನನ್ ಸೈಕಲ್ ಯಾರೋ ಹೊಡ್ಕೊಂಡ್ ಹೋಗವ್ರೆ ಕಣೆ."

"ಮೆತ್ಗೆ ಮಾತಾಡಿ" ಎಂದು ಅವಳು ಹತ್ತಿರ ಬಂದಳು. "ಮನೇಲಿ ಸೈಕಲ್ ಇದ್ದೋರ್‌ಗೆ ಯಾರ್ ಕೊಡ್ತಾರೆ? ಇನ್ನೊಂದ್ ಬೀಗದ ಕೈ ತಂದು, ಹುಣಸೂರು ಬಸ್ ಮೇಲೆ ಹಾಕ್ಸಿ, ಕಟ್ಟೆಮಳಲವಾಡಿಗೆ ನಮ್ಮಪ್ಪನ ಮನೆಗೆ ಸಾಗಿಸ್ಬುಟ್ಟೆ."

"ಅಯ್ಯೋ, ಬಳಗ ಮಾಡಿರೋನೇ ನಾನು. ಕೊಡೋದು ಏನೂ ಇಲ್ಲ."

ಸುಧಾಳ ಮುಖ ಸಣ್ಣದಾಯಿತು. "ಊರೋರ್‌ಗೆ ಅಂಗಂದ್ರೆ ಸರಿ. ಕಟ್ಕೊಂಡ್ ಹೆಂಡ್ತಿಗೂ ಅಂಗೇ ಅಂತೀರಾ?"

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಇಬ್ಬರೂ ನಡೆದೇ ಹೊರಟರು. ರಸ್ತೆಯ ತುಂಬ ಜನ ನಡೆಯುತ್ತಿದ್ದರು. ನಿನ್ನೆಯವರೆಗೂ ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಎಷ್ಟೋ ಮುಖಗಳನ್ನು ಅವನು ಗುರುತು ಹಿಡಿದ. ಇವರೆಲ್ಲ ಇಷ್ಟು ವರ್ಷ ಇದೇ ರಸ್ತೆಯಲ್ಲಿದ್ದರೂ ತಾನು ಬೈಕುಗಳನ್ನಷ್ಟೇ ನೋಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ತಲೆಯ ಮೇಲೆ ಕ್ಯಾನು ಹೊತ್ತ ಚಲುವಯ್ಯ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ನಂದು ಹುಲ್ ಮೆದೆ ಒಳಗಿಟ್ಟಿವ್ನಿ ಸಾಮಿ. ನಿಮ್ದೆಲ್ಲಿ?"

"ಕಟ್ಟೆಮಳಲವಾಡಿ" ಎಂದ ಧರ್ಮೇಂದ್ರ, ಸುಳ್ಳು ಹೇಳಲಾಗದೆ.

ಚಲುವಯ್ಯನ ಮುಖ ಅರಳಿತು. ಕ್ಯಾನು ಹಿಡಿದುಕೊಂಡೇ ಹಿಂದೆ ತಿರುಗಿ ಕೂಗಿದ: "ಸಾಯೇಬ್ರೇ ಬಚ್ಚಿಟ್ಟವ್ರೆ ಕಣ್ರಪ್ಪಾ. ಇನ್ನು ಕೊಡೋದು ಗ್ಯಾರಂಟಿ ಬುಡಿ."