ಎಸಿಗೆ ಕೌದಿ ಹೊದಿಸಿದ ಸೋದರಮಾವ

ಹುಮನಾಬಾದಿನ ನನ್ನ ಸೋದರಮಾವ ಬಸವಕಲ್ಯಾಣದ ನಮ್ಮ ಮನೆಗೆ ಬಂದರೆ ಮೊದಲು ಮಾತನಾಡಿಸುವುದು ನನ್ನನ್ನಲ್ಲ, ಫ್ರಿಜ್ಜನ್ನು!

“ಯಾಕಪಾ, ಹಿಂಗ್ಯಾಕ ನಡಗಾಕತ್ತಿ?”

ಫ್ರಿಜ್ಜು ಗುರ್ರೆನ್ನುತ್ತದೆ. “ನೋಡ್ರಿ, ಅದಾದ್ರೂ ಜವಾಬು ಕೊಡ್ತದ. ನಿಮ್ಮಂಗ ಪೇಪರ್ ಹಿಡ್ಕೊಂಡು ಸುಮ್ನ ಕೂಡಂಗಿಲ್ಲ” ಎನ್ನುತ್ತಾಳೆ ನನ್ನ ಹೆಂಡತಿ.

ಈ ಬೇಸಿಗೆಯಲ್ಲಿ ಮಾವನನ್ನು ನಾನೇ ಕರೆತಂದೆ. ಅವರ ಮನೆಯ ತಗಡು ಕಾದಿರುತ್ತದೆಂಬ ಕಾಳಜಿ ಇತ್ತು, ನಿಜ. ಆದರೆ ಹೋದ ವರ್ಷ ಕೊಂಡ ಎಸಿ ತೋರಿಸಿ ಮೆರೆಯುವ ಚಪಲ ಅದಕ್ಕಿಂತ ದೊಡ್ಡದಿತ್ತು. ನಮ್ಮ ಕೋಣೆಯೋ ಮಂಚ ಹಾಕಿದರೆ ಮುಗಿಯಿತು. ಎಸಿ ಮಾತ್ರ ಮದುವೆ ಹಾಲಿಗೆ ಸಾಕಾಗುವಂಥದ್ದು. ತರುವುದಾದರೆ ದೊಡ್ಡದೇ ತರಬೇಕಲ್ಲವೇ?

ಮಾವನೆದುರು ಗತ್ತಿನಿಂದ ಚಾಲೂ ಮಾಡಿದೆ. ಗಾಳಿ ಬಂತು, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು! ಓಣಿಗೆಲ್ಲ ಕೇಳುವಂತೆ ವಿದ್ಯುತ್ ಇಲಾಖೆಯವರನ್ನು ಬೈದೆ. ಕೊನೆಗೆ ಕರೆಸಿದ ಮೆಕ್ಯಾನಿಕ್ ಎಸಿಯ ಮುಚ್ಚಳ ತೆಗೆದು, ಗಾಳಿ ಸೋಸುವ ಜಾಳಿಗೆ ಹೊರಗೆಳೆದ. ಧೂಳು ಕಂಬಳಿಯಷ್ಟು ದಪ್ಪ ಕೂತಿತ್ತು.

“ಇದನ್ನ ಯಾವಾಗ ತೊಳದಿದ್ರಿ, ಸರ್?”

“ಇದನ್ನ ತೊಳೀಬೇಕೇನು?” ಎಂದು ಕೇಳಿದ ಮಹಾಜ್ಞಾನಿ ನಾನೇ.

ತೊಳೆದದ್ದಾಯಿತು. ಎರಡು ದಿನ ಸುಖ. ಮೂರನೆಯ ದಿನ ಮತ್ತೆ ಅದೇ ಪಾಡು! ಮಾಳಿಗೆ ಹತ್ತಿ ನೋಡಿದರೆ, ಎಸಿಯ ಹೊರಗಿನ ಪೆಟ್ಟಿಗೆಗೆ ಯಾರೋ ಒದ್ದೆ ಕೌದಿ ಸುತ್ತಿ, ಮೇಲೆ ಇಟ್ಟಿಗೆ ಇಟ್ಟಿದ್ದಾರೆ. ಬಿಸಿಗಾಳಿ ಹೊರಹೋಗಲು ದಾರಿಯಿಲ್ಲದೆ ಅದು ಕಾದು ಕಾದು ಬಂದ್ ಆಗುತ್ತಿತ್ತು.

“ಮಾಮಾ, ಇದೇನ್ರಿ?”

“ಒಳಗಿಂದು ನೆಳ್ಳಾಗ ಆರಾಮ ಅದ. ಇದು ಪಾಪ ಬಿಸಲಾಗ ಸಾಯಾಕತ್ತದ. ಇಬ್ಬರೂ ಒಂದ ತಾಯಿ ಮಕ್ಕಳಲ್ಲೇನೋ?”

ಕೌದಿ ಇಳಿಸಿದೆ. ಆದರೂ ರೋಗ ಬಿಡಲಿಲ್ಲ. ಇನ್ನೂ ವಿಚಿತ್ರವೆಂದರೆ, ಈಗ ಅದು ಚಾಲೂ-ಬಂದ್ ಆಟ ಆಡುತ್ತಿದ್ದುದು ಮಧ್ಯಾಹ್ನ ನಾನು ಮಲಗಿದಾಗ ಮಾತ್ರ! ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ನೀವ್ ಎದ್ದಿದ್ದಾಗ ಛಲೋ ನಡೀತದಂದ್ರ, ರಿಪೇರಿ ನಿಮ್ದ ಮಾಡಬೇಕ್ರಿ ಸರ್!” ಎಂದು ನಕ್ಕು ಫೋನಿಟ್ಟ.

ಮರುದಿನ ಊಟವಾದ ಮೇಲೆ ಪತ್ತೇದಾರನಂತೆ ಸುಳ್ಳು ನಿದ್ದೆ ಮಾಡಿದೆ. ಗೊರಕೆಯನ್ನೂ ಹೊಡೆದೆ, ಅದಕ್ಕೆ ನಟನೆಯೇನೂ ಬೇಕಾಗಲಿಲ್ಲವೆಂದು ಹೆಂಡತಿಯ ಅಭಿಪ್ರಾಯ. ಸ್ವಲ್ಪ ಹೊತ್ತಿಗೆ ಅಂಗಾಲಿಗೆ ಏನೋ ತಾಗಿತು. ಒಂದು ಕಣ್ಣು ತೆರೆದೆ. ಒಂದು ಕೈಯಲ್ಲಿ ರಿಮೋಟ್ ಹಿಡಿದು, ಇನ್ನೊಂದು ಕೈಯಿಂದ ಮಾವ ನನ್ನ ಪಾದ ಮುಟ್ಟಿ ನೋಡುತ್ತಿದ್ದರು. ಬೀಪ್ ಎಂದಿತು. ಎಸಿ ಆರಿತು.

“ಏನ್ ಮಾಡಾಕತ್ತೀರಿ ಮಾಮಾ?”

ಮಾವ ಸಿಕ್ಕಿಬಿದ್ದ ಕಳ್ಳನಂತಾದರು. “ಕಾಲು ಥಂಡಾದ್ರ ಬಂದ್ ಮಾಡ್ತೀನಿ, ಬೆವರು ಬಂದ್ರ ಚಾಲೂ ಮಾಡ್ತೀನಿ, ಅಷ್ಟ. ಥಂಡಿ ಹತ್ತಿದ್ರ ನಿನಗ ದಮ್ಮು ಏಳ್ತದಲ್ಲೋ, ತಮ್ಮಾ.”

ನನ್ನ ಮೀಸೆ ಬೆಳ್ಳಗಾಗಿದೆ. ಚಿಕ್ಕಂದಿನ ಆ ಉಬ್ಬಸದ ದಮ್ಮು ನಾನು ಶಾಲೆ ಮುಗಿಸುವ ಮೊದಲೇ ಹೋಗಿತ್ತು, ನನಗೂ ಮರೆತಿತ್ತು. ಹಿರಿಯರ ಕೈ ತಾಗುತ್ತಿದೆ, ಕಾಲು ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿ, ಮತ್ತೆ ನಿದ್ದೆ ಬಂದವನಂತೆ ಮಲಗಿಬಿಟ್ಟೆ.